ಮೋಲಿಯೇರನ ಪೆಟ್ಟಿಗೆಯ ಯಾದಿ: 17ನೇ ಶತಮಾನದ ಫ್ರೆಂಚ್ ಉಡುಪನ್ನು ಕಲಬುರಗಿಯಲ್ಲಿ ಕೂತು ಹುಡುಕುವ ಬಗೆ

"ಅಕ್ಕಾರ, ಹನ್ನೊಂದ್ ಮಂದಿಗಿ ಅರಿಬಿ ಹೊಲಿಬೇಕ್ರಿ. ಫ್ರೆಂಚ್ ಮಂದಿ ಇದ್ದಂಗ ಕಾಣಬೇಕ್ ನೋಡ್ರಿ."

ಎರಡು ವರ್ಷದ ಹಿಂದೆ, ಯುಗಾದಿ ಮುಗಿದ ವಾರ, ನಮ್ಮೂರಿನ ಹವ್ಯಾಸಿ ನಾಟಕ ತಂಡದ ಇಬ್ಬರು ಹುಡುಗರು ಅಂಗಡಿಗೆ ಬಂದು ಹೀಗಂದರು. 17ನೇ ಶತಮಾನದ ಫ್ರೆಂಚ್ ನಾಟಕಕಾರ, ನಟ ಮೋಲಿಯೇರನ 'ಬೂರ್ಜ್ವಾ ಜಾಂತಿಯೋಂ' ನಾಟಕವನ್ನು, ದೊಡ್ಡ ಮನೆತನದವನಂತೆ ಮೆರೆಯಹೊರಟ ಸಿರಿವಂತನೊಬ್ಬನ ಕಥೆಯನ್ನು, ಕನ್ನಡಕ್ಕೆ ತಂದಿದ್ದರು, ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಆಡುವವರಿದ್ದರು. ದುಡ್ಡಿನ ಮಾತಿಗೆ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: "ಯಾವ ವರ್ಷದ ಫ್ರೆಂಚ್ ಮಂದಿ?"

ಈ ಪ್ರಶ್ನೆ ಕಲಿಯಲು ನನಗೆ ಹದಿನಾಲ್ಕು ಮೀಟರ್ ಸ್ಯಾಟಿನ್ ಖರ್ಚಾಗಿತ್ತು. ಅದಕ್ಕೂ ಹತ್ತು ವರ್ಷ ಮೊದಲು ಒಂದು ಕಾಲೇಜಿನ ನಾಟಕಕ್ಕೆ, ಮೊಬೈಲಿನಲ್ಲಿ 'ಬರೋಕ್ ಫ್ರೆಂಚ್ ಉಡುಪು' ಎಂಬ ಹೆಸರಿನಡಿ ಸಿಕ್ಕ ಚಿತ್ರ ನೋಡಿ, ಎರಡೂ ಸೊಂಟಕ್ಕೆ ಬುಟ್ಟಿ ಕಟ್ಟಿದಂಥ ಅಗಲ ಲಂಗ, ಬಿಳಿ ಪುಡಿ ಹಾಕಿದ ವಿಗ್ ಎಲ್ಲ ಮಾಡಿಕೊಟ್ಟಿದ್ದೆ. ಹನ್ನೊಂದು ರಾತ್ರಿ ಕೂತು ಹೊಲಿದದ್ದು. ನಾಟಕ ಮುಗಿದ ಮೇಲೆ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಹತ್ತಿರ ಬಂದು, ಮೆಲ್ಲಗೆ, "ತಂಗೀ, ಹೊಲಿಗಿ ಭಾಳ ಛಂದ ಅದ. ಆದ್ರ ಇದು ನೂರು ವರ್ಷ ಆಮ್ಯಾಲಿನ ಉಡುಪವ್ವಾ" ಅಂದರು. ಅದು 1770ರ ಸುಮಾರಿನದು, ಮುಂದೆ ಫ್ರಾನ್ಸಿನ ರಾಣಿಯಾದ ಮರೀ ಆಂತ್ವಾನೆತ್‌ಳ ಕಾಲದ್ದು. ಆ ಕಾಲೇಜು ನಾಟಕದ ಕಥೆ ನಡೆಯುವುದು ಫ್ರಾನ್ಸಿನ ದೊರೆ 14ನೇ ಲೂಯಿಯ ಕಾಲದಲ್ಲಿ. ಆ ದಿನದಿಂದ ನಾನು ಬಟ್ಟೆಗೆ ಕತ್ತರಿ ಹಾಕುವ ಮೊದಲು ಹುಡುಕಾಟಕ್ಕೆ ಒಂದು ತಿಂಗಳು ಇಟ್ಟುಕೊಳ್ಳುತ್ತೇನೆ. ಪ್ಯಾರಿಸ್ಸಿಗೆ ಹೋದವಳಲ್ಲ, ಫ್ರೆಂಚ್ ಓದಿದವಳಲ್ಲ. ಮೊಬೈಲು, ಒಂದು ಇನ್ನೂರು ಪುಟದ ನೋಟುಬುಕ್ಕು, ಕಾಲೇಜಿಗೆ ಹೋಗುವ ತಂಗಿಯ ಮಗಳು, ಇಷ್ಟೇ ನನ್ನ ಬಳಗ. ಇದರಲ್ಲೇ ಹೇಗೆ ಮಾಡಬಹುದು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ವರ್ಷ ಹಿಡಿಯಿರಿ

'ಬರೋಕ್' ಅನ್ನುವ ಹೆಸರು ಹೊಲಿಗೆಯವರಿಗೆ ಏನೂ ಹೇಳುವುದಿಲ್ಲ. ಹೆಚ್ಚುಕಡಿಮೆ 1600ರಿಂದ 14ನೇ ಲೂಯಿ ಸತ್ತ 1715ರವರೆಗೆ ಅದರ ವ್ಯಾಪ್ತಿ. ಅಷ್ಟರೊಳಗೆ ಗಂಡಸರ ಉಡುಪು ಬುಡಸಮೇತ ಮೂರು ಸಲ ಬದಲಾಗಿದೆ. 1630ರ ಸುಮಾರಿಗೆ ಎದೆ, ತೋಳಿಗೆ ಸೀಳು ಬಿಟ್ಟ ಕುಪ್ಪಸದಂಥ 'ಪುರ್‌ಪ್ವಾಂ', ಭುಜದ ತುಂಬ ಲೇಸಿನ ಕಾಲರು, ಕಾಲಿಗೆ ಬೂಟು. 1660ರ ಹೊತ್ತಿಗೆ ಅದೇ ಪುರ್‌ಪ್ವಾಂ ಮೋಟಾಗಿ ಹೊಟ್ಟೆಯ ಮೇಲಕ್ಕೇರಿದೆ, ನಡುವೆ ಅಂಗಿ ಉಬ್ಬಿ ಹೊರಗೆ ಬಂದಿದೆ, ಕೆಳಗೆ ಲಂಗದಷ್ಟು ಅಗಲದ 'ರಾಂಗ್ರಾವ್' ಚಲ್ಲಣ, ಅದರ ತುಂಬ ರಿಬ್ಬನ್ನಿನ ಗೊಂಚಲು. 1680ಕ್ಕೆ ಬಂದರೆ ಇದಾವುದೂ ಇಲ್ಲ. ಮೊಣಕಾಲಿನ ತನಕ ಇಳಿಯುವ 'ಜುಸ್ತೋಕೋರ್' ಎಂಬ ಕೋಟು, ಒಳಗೆ ಉದ್ದನೆಯ 'ವೆಸ್ತ್', ಕೊರಳಿಗೆ ಸುತ್ತುವ ಬಟ್ಟೆ 'ಕ್ರವಾತ್'. ಇಂದಿನ ಕೋಟು, ವೇಸ್ಟ್‌ಕೋಟು, ಪ್ಯಾಂಟಿನ ಜೋಡಿಗೆ ಬೇರು ಅಲ್ಲಿದೆ.

ಹಾಗಾಗಿ ನೋಟುಬುಕ್ಕಿನ ಮೊದಲ ಪುಟದಲ್ಲಿ ಮೂರು ಸಾಲು ಬರೆಯಿರಿ. ಯಾವ ವರ್ಷ, ಯಾರು ತೊಟ್ಟದ್ದು, ಎಂಥ ಹೊತ್ತಿನಲ್ಲಿ ತೊಟ್ಟದ್ದು. ನಮ್ಮ ನಾಟಕಕ್ಕೆ ವರ್ಷ ಸುಲಭವಾಗಿ ಸಿಕ್ಕಿತು. ಶಾಂಬೋರ್ ಅರಮನೆಯಲ್ಲಿ ರಾಜನ ಮುಂದೆ ಮೊದಲ ಪ್ರಯೋಗ ಆದದ್ದು 1670ರ ಅಕ್ಟೋಬರ್ 14ರಂದು. ಆದ್ದರಿಂದ 1665ರಿಂದ 1675ರ ಒಳಗಿನದನ್ನು ಮಾತ್ರ ನೋಡುವುದು, ಉಳಿದದ್ದು ಎಷ್ಟೇ ಚಂದವಿದ್ದರೂ ಬಿಡುವುದು ಅಂತ ಗೆರೆ ಹಾಕಿಕೊಂಡೆ. 'ಯಾರು' ಅನ್ನುವುದಕ್ಕೆ ಹನ್ನೊಂದು ಉತ್ತರ ಬಂದವು. ಹೆಂಗಸರಲ್ಲೇ ಮನೆಗೆಲಸದವಳು ಒಬ್ಬಳು, ಸಿರಿವಂತ ವ್ಯಾಪಾರಿಯ ಹೆಂಡತಿ ಒಬ್ಬಳು, ಮಾರ್ಕಿಸ್ ಅಂದರೆ ದೊಡ್ಡ ಮನೆತನದವಳು ಒಬ್ಬಳು. ಮೂವರಿಗೂ ಒಂದೇ ಥರ ಹೊಲಿದರೆ ನಾಟಕದ ಅರ್ಧ ಮಾತು ಕೆಟ್ಟಂತೆ.

ಚಿತ್ರ ನೋಡುವುದು, ಚಿತ್ರವನ್ನು ಕೇಳುವುದು

ಎಲ್ಲರೂ ಮೊದಲು ಹೋಗುವುದು ಚಿತ್ರಕ್ಕೆ, ಎಡವುವುದೂ ಅಲ್ಲೇ. ನಮ್ಮ ಊರಿನ ಮಗ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರ ನೆನಪಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅವರ ದೇವಿಯ ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದೆವು. ಆ ಸೆರಗಿನ ಹಾರಾಟ, ಆ ನೆರಿಗೆ, ಕಣ್ಣು ತುಂಬುವ ಚಿತ್ರ. ಮುನ್ನೂರು ವರ್ಷ ಬಿಟ್ಟು ಯಾರೋ ಬಂದು ಆ ಚಿತ್ರ ನೋಡಿ, '1950ರಲ್ಲಿ ಗುಲ್ಬರ್ಗದ ಹೆಂಗಸರು ಹೀಗೇ ಸೀರೆ ಉಡುತ್ತಿದ್ದರು' ಅಂತ ಬರೆದರೆ? ನಮ್ಮವ್ವ ಉಟ್ಟದ್ದು ಇಳಕಲ್ ಸೀರೆ, ತೊಟ್ಟದ್ದು ಖಣದ ಕುಬಸ.

ಪ್ಯಾರಿಸ್ಸಿನ ಕಲಾವಿದರೂ ಇದೇ ಕೆಲಸ ಮಾಡಿದ್ದಾರೆ. ಪಿಯೇರ್ ಮಿನ್ಯಾರ್ 1691ರಲ್ಲಿ ಸೆನ್ಯಲೇ ಮನೆತನದ ಮಾರ್ಕಿಸ್‌ಳನ್ನು ಸಮುದ್ರ ದೇವತೆ ಥೆಟಿಸ್‌ಳ ರೂಪದಲ್ಲಿ ಬರೆದ. ಆ ಉಡುಪನ್ನು ಅಂದಿನ ಯಾವ ದರ್ಜಿಯೂ ಹೊಲಿದಿಲ್ಲ. ಎಲ್ಲರೂ ನೋಡಿರುವ 14ನೇ ಲೂಯಿಯ ಚಿತ್ರ ಇಯಸಾಂತ್ ರಿಗೋ 1701ರಲ್ಲಿ ಬರೆದದ್ದು, ಪ್ಯಾರಿಸ್ಸಿನ ವಸ್ತುಸಂಗ್ರಹಾಲಯವಾದ ಲೂವ್ರ್‌ನಲ್ಲಿದೆ. ನೀಲಿ ಮಖಮಲ್ಲಿನ ಮೇಲೆ ಬಂಗಾರದ ಲಿಲ್ಲಿ ಹೂಗಳ ಆ ನಿಲುವಂಗಿ ಪಟ್ಟಾಭಿಷೇಕದ್ದು. ಅದರ ಕೆಳಗಿನ ಗಿಡ್ಡ ಉಬ್ಬು ಚಲ್ಲಣ ಆಗಲೇ ನೂರು ವರ್ಷ ಹಳೆಯ ರೂಢಿ, ಸಮಾರಂಭಕ್ಕೆಂದೇ ಉಳಿಸಿಕೊಂಡದ್ದು. ಆ ಚಿತ್ರದಲ್ಲಿ 1701ರದು ಅಂತ ಧೈರ್ಯವಾಗಿ ಬರೆದುಕೊಳ್ಳಬಹುದಾದದ್ದು ವಿಗ್ಗಿನ ಎತ್ತರ, ಕೊರಳಿನ ಲೇಸು, ಬೂಟಿನ ಕೆಂಪು ಹಿಮ್ಮಡಿ. ಪ್ರತಿ ಚಿತ್ರವನ್ನೂ ಹೀಗೆ ಬಿಡಿಸಿ ನೋಡಬೇಕು. ಇದನ್ನು ಯಾರು ಬರೆಸಿದರು, ಗೋಡೆಗೆ ಹಾಕಿ ಯಾರಿಗೆ ತೋರಿಸಲಿಕ್ಕೆ?

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ತೈಲಚಿತ್ರಕ್ಕಿಂತ ಅಚ್ಚು ಚಿತ್ರ, ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಒತ್ತಿದ್ದು. 1630ರ ದಶಕಕ್ಕೆ ಅಬ್ರಹಾಂ ಬಾಸ್‌ನನ್ನು ಬಿಟ್ಟರೆ ಇಲ್ಲ. ಅವನ ಚಿತ್ರಗಳಲ್ಲಿ ಅಂಗಡಿಯ ಹಲಗೆಯ ಮೇಲೆ ಮಾರಲಿಟ್ಟ ಕಾಲರು, ಲೇಸು, ಕೈಗವಸು ಸಹ ಕಾಣುತ್ತವೆ. 1633ರಲ್ಲಿ ಲೇಸು, ಜರತಾರಿಯ ದುಂದಿಗೆ ಕಡಿವಾಣ ಹಾಕುವ ರಾಜಾಜ್ಞೆ ಬಂದಾಗ, ಅದನ್ನು ಪಾಲಿಸಿದ ಆಸ್ಥಾನಿಕ ಹೇಗೆ ಕಾಣುತ್ತಾನೆ ಅಂತಲೂ ಕೊರೆದಿಟ್ಟಿದ್ದಾನೆ. 1670ರ ನಂತರಕ್ಕೆ ಜ್ಯಾಂ ದ್ಯೂ ದ ಸ್ಯಾಂ-ಜ್ಯಾಂ, ಬೊನ್ನಾರ್ ಅಣ್ಣತಮ್ಮಂದಿರು ಇದ್ದಾರೆ. ಅವರ ಚಿತ್ರಗಳ ಕೆಳಗೆ 'ಓಮ್ ದ ಕಾಲಿತೆ', ಅಂದರೆ ಮನೆತನಸ್ಥ, 'ಫಾಮ್ ದ ಕಾಲಿತೆ', ಅಂದರೆ ಮನೆತನಸ್ಥೆ, ಇದು ಚಳಿಗಾಲದ ಉಡುಪು, ಇದು ಮನೆಯ ಉಡುಪು ಅಂತ ಬರೆದಿರುತ್ತದೆ. 'ಯಾರು, ಯಾವ ಹೊತ್ತು' ಅನ್ನುವ ನಮ್ಮ ಸಾಲಿಗೆ ಉತ್ತರ ಅಲ್ಲೇ ಇದೆ. 1672ರಲ್ಲಿ ಶುರುವಾದ 'ಮೆರ್ಕ್ಯೂರ್ ಗಲಾಂ' ಪತ್ರಿಕೆ ಆಯಾ ಋತುವಿನ ಬಟ್ಟೆಯ ಸುದ್ದಿ ಬರೆಯುತ್ತಿತ್ತು, 1678ರಲ್ಲಿ ಉಡುಪಿನ ಚಿತ್ರಗಳನ್ನೂ ಹಾಕಿತು.

ಇವೆಲ್ಲ ಎಲ್ಲಿ ಸಿಗುತ್ತವೆ? ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 'ಗಲಿಕಾ' ಎಂಬ ಹೆಸರಲ್ಲಿ ತನ್ನ ಹಳೆಯ ಪುಸ್ತಕ, ಚಿತ್ರಗಳನ್ನು ಅಂತರಜಾಲಕ್ಕೆ ಹಾಕಿದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಎರಡೂ ದೊಡ್ಡ ಅಳತೆಯ ಚಿತ್ರಗಳನ್ನು ಪುಕ್ಕಟೆ ಇಳಿಸಿಕೊಳ್ಳಲು ಬಿಡುತ್ತವೆ. ಇಂಗ್ಲಿಷಿನಲ್ಲಿ ಹುಡುಕಿದರೆ ಇಂಗ್ಲೆಂಡಿನ ಉಡುಪೇ ಮೊದಲು ಬರುತ್ತದೆ. ಯಾವುದಾದರೂ ವಸ್ತುಸಂಗ್ರಹಾಲಯದ ಪುಟದಿಂದ ಆ ಉಡುಪಿನ ಫ್ರೆಂಚ್ ಹೆಸರನ್ನು ಹಾಗೇ ನಕಲು ಮಾಡಿ ಗಲಿಕಾದಲ್ಲಿ ಅಂಟಿಸಿ, ಪಕ್ಕದಲ್ಲಿ ವರ್ಷ ಕೊಡಿ. ಚಿತ್ರ ಇಳಿಸಿಕೊಂಡ ಕೂಡಲೇ ಫೈಲಿನ ಹೆಸರನ್ನೇ ವರ್ಷದಿಂದ ಶುರು ಮಾಡಿ. ಇದನ್ನು ಮಾಡದೆ ನಾನು ಒಮ್ಮೆ ನಾನೂರು ಚಿತ್ರಗಳ ನಡುವೆ ಎರಡು ದಿನ ಕಳೆದೆ.

ಅಚ್ಚು ಚಿತ್ರದಲ್ಲಿ ಎರಡು ಎಚ್ಚರ. ತಗಡಿನ ಮೇಲೆ ಕೊರೆದದ್ದು ಕಾಗದಕ್ಕೆ ಬೀಳುವಾಗ ಎಡ ಬಲಕ್ಕೆ ಹೋಗುತ್ತದೆ. ಕೊರೆಯುವವನು ಮೊದಲೇ ತಿರುಗಿಸಿ ಕೊರೆದಿರದಿದ್ದರೆ ಇಡೀ ಮನುಷ್ಯ ಕನ್ನಡಿಯೊಳಗಿನವನಾಗಿಬಿಡುತ್ತಾನೆ. ಕತ್ತಿ ನೋಡಿ. ಕತ್ತಿ ಕಟ್ಟುವುದು ಎಡ ಸೊಂಟಕ್ಕೆ. ಚಿತ್ರದಲ್ಲಿ ಬಲಕ್ಕಿದ್ದರೆ ಗುಂಡಿ-ಕಾಜಾ, ಭುಜದ ರಿಬ್ಬನ್ನು ಎಲ್ಲವನ್ನೂ ತಿರುಗಿಸಿ ಓದಬೇಕು. ಎರಡನೆಯದು ಬಣ್ಣ. ಈ ಚಿತ್ರಗಳು ಅಚ್ಚಾಗಿದ್ದು ಕಪ್ಪು ಮಸಿಯಲ್ಲಿ, ಬಣ್ಣವನ್ನು ಕೈಯಿಂದ ತುಂಬಿದ್ದು. ಯಾರು ಯಾವಾಗ ತುಂಬಿದರೋ. ಆದ್ದರಿಂದ ಬಣ್ಣಕ್ಕೆ ಅಚ್ಚು ಚಿತ್ರ ಒಂದನ್ನೇ ನಂಬಬಾರದು.

ಬಡವರ ಬಟ್ಟೆಗೆ ಲೆ ನ್ಯಾಂ ಸೋದರರ ಚಿತ್ರ ನೋಡಿ. ಲೂವ್ರ್‌ನಲ್ಲಿರುವ ರೈತ ಕುಟುಂಬದ ಚಿತ್ರ 1642ರ ಸುಮಾರಿನದು. ಮಾಸಿದ ಬೂದು, ಕಂದು, ಬರಿಗಾಲಿನ ಮಕ್ಕಳು, ಒಂದು ರೊಟ್ಟಿ. ಆ ಚಿತ್ರ ತೆರೆದಾಗ ನಾನು ಬಟ್ಟೆ ನೋಡುವುದನ್ನೇ ಮರೆತು ಸುಮಾರು ಹೊತ್ತು ಆ ಅಜ್ಜಿಯ ಮುಖ ನೋಡುತ್ತ ಕೂತಿದ್ದೆ.

ಯಾದಿ ಓದುವುದು

ನಮ್ಮ ಕಡೆ ಮದುವೆಗೆ ಮೊದಲು ಯಾದಿ ಬರೆಯುತ್ತಾರೆ. ಬಂಗಾರ ಎಷ್ಟು, ಬಾಂಡೆ ಎಷ್ಟು, ಸೀರೆ ಎಷ್ಟು, ಯಾರಿಗೆ ಯಾವುದು. ಫ್ರಾನ್ಸಿನಲ್ಲಿ ಮನುಷ್ಯ ಸತ್ತ ಮೇಲೆ ನೋಟರಿ ಮನೆಗೆ ಬಂದು ಪೆಟ್ಟಿಗೆ ಪೆಟ್ಟಿಗೆ ತೆರೆಸಿ ಯಾದಿ ಬರೆಯುತ್ತಿದ್ದ, ಪಕ್ಕದಲ್ಲಿ ಬೆಲೆ ಕಟ್ಟಿಸುತ್ತಿದ್ದ. ಉಡುಪು ಹುಡುಕುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಡಿಮೆ. ಚಂದ ಕಾಣಲಿ ಅಂತ ಯಾರೂ ಯಾದಿ ಬರೆಯುವುದಿಲ್ಲ ನೋಡಿ.

ಮೋಲಿಯೇರ್ ತೀರಿಕೊಂಡದ್ದು 1673ರ ಫೆಬ್ರುವರಿ 17ರಂದು. ಮಾರ್ಚಿನಲ್ಲಿ ಅವನ ಮನೆಯ ಯಾದಿಯಾಯಿತು. ಅದನ್ನು ಯುದೋರ್ ಸುಲಿಯೆ ಎಂಬ ವಿದ್ವಾಂಸ 1863ರಲ್ಲಿ ಅಚ್ಚು ಹಾಕಿಸಿದ, ಈಗ ಅಂತರಜಾಲದಲ್ಲಿ ಓದಲು ಸಿಗುತ್ತದೆ. ಅದರೊಳಗೆ ನಾವು ಆಡುವ ನಾಟಕದಲ್ಲಿ ಮೋಲಿಯೇರ್ ತಾನೇ ತೊಟ್ಟ ಉಡುಪಿನ ಪೆಟ್ಟಿಗೆಯೇ ಇದೆ! ತಂಗಿಯ ಮಗಳು "ದೊಡ್ಡವ್ವಾ, ಸಿಕ್ತು" ಅಂತ ಮೊಬೈಲ್ ಹಿಡಿದುಕೊಂಡು ಓಡಿ ಬಂದಾಗ ನನ್ನ ಕೈಯಲ್ಲಿ ಇಸ್ತ್ರಿ ಇತ್ತು, ಕೆಳಗೆ ಇಟ್ಟುಬಿಟ್ಟೆ.

ಅದರಲ್ಲಿದ್ದದ್ದು ಇಷ್ಟು. ಪಟ್ಟೆಪಟ್ಟೆಯ ಮನೆ ನಿಲುವಂಗಿ, ಅದರ ಅಸ್ತರು 'ಓರೋರ್' ಮತ್ತು ಹಸಿರು ಬಣ್ಣದ ಟಾಫೆಟಾ ಎಂಬ ರೇಷ್ಮೆ ಬಟ್ಟೆ. ಕೆಂಪು 'ಪಾನ್' ಬಟ್ಟೆಯ ಚಲ್ಲಣ. ನೀಲಿ ಪಾನ್‌ನ ಒಳಅಂಗಿ. ರಾತ್ರಿಯ ಟೊಪ್ಪಿಗೆ. 'ಆಂದಿಯೆನ್', ಅಂದರೆ ಹಿಂದೂಸ್ಥಾನಿ ರೀತಿಯ ಬಣ್ಣದ ಬಟ್ಟೆಯ ಓಢಣಿ. ತುರ್ಕಿ ರೀತಿಯ ಅಂಗಿ, ಪೇಟ, ಕತ್ತಿ. ರಿಬ್ಬನ್ನು ಕಟ್ಟಿದ ಕಿಂಕಾಪಿನ ಚಲ್ಲಣ. ಟಾಫೆಟಾದ ಪುರ್‌ಪ್ವಾಂ, ಅದಕ್ಕೆ ಖೋಟಾ ಬೆಳ್ಳಿಯ ಲೇಸು. ಹಸಿರು ಕಾಲುಚೀಲ, ಕೈಗವಸು, ಓರೋರ್ ಮತ್ತು ಹಸಿರು ಗರಿಯ ಹ್ಯಾಟು.

ಖೋಟಾ ಬೆಳ್ಳಿ! ರಾಜನ ಮುಂದೆ ಆಡಿದ ನಟನೂ ರಂಗಕ್ಕೆ ಅಸಲಿ ಹಾಕಲಿಲ್ಲ. ಮೂವತ್ತು ವರ್ಷದಿಂದ ನಾಟಕಕ್ಕೆ ಹೊಲಿಯುತ್ತ, ಗೋಟಾ ಹಚ್ಚುತ್ತ ಬಂದವಳಿಗೆ ಆ ಒಂದು ಪದ ಓದಿ ಆದ ಸಂತೋಷವನ್ನು ಹೇಗೆ ಹೇಳಲಿ.

ಇಲ್ಲಿ ಭಾಷಾಂತರದ ಆ್ಯಪ್ ಬಗ್ಗೆ ಒಂದು ಮಾತು. 'ಪಾನ್' ಅನ್ನು ಅದಕ್ಕೆ ಕೊಟ್ಟರೆ 'ಗಾಡಿ ಕೆಟ್ಟು ನಿಂತಿದೆ' ಎನ್ನುವ ಅರ್ಥ ಬಂತು. ಇಂದಿನ ಫ್ರೆಂಚಿನಲ್ಲಿ ಅದರ ಬಳಕೆ ಹಾಗೆ. ಹಳೆಯ ಫ್ರೆಂಚಿನಲ್ಲಿ ಅದು ಮಖಮಲ್ಲಿನ ಜಾತಿಯ, ಅದಕ್ಕಿಂತ ಉದ್ದ ಜುಂಗಿನ ಬಟ್ಟೆ. 'ಓರೋರ್' ಅಂದರೆ ಮುಂಜಾವು, ಬಟ್ಟೆಯ ಮಾತಿನಲ್ಲಿ ಮುಂಜಾವಿನ ಕೇಸರಿ-ಹಳದಿ. 'ಪ್ವಾಂ ದ ಫ್ರಾನ್ಸ್' ಅಂದರೆ ಫ್ರಾನ್ಸಿನ ಬಿಂದು ಅಲ್ಲ, ಸೂಜಿಯಲ್ಲಿ ಮಾಡಿದ ಲೇಸು. ಹಣಕಾಸು ನೋಡುತ್ತಿದ್ದ ಕೋಲ್ಬೇರ್ 1665ರಲ್ಲಿ, ದುಡ್ಡು ವೆನಿಸ್ಸಿಗೆ ಹರಿದುಹೋಗುವುದನ್ನು ತಡೆಯಲು, ತನ್ನ ದೇಶದಲ್ಲೇ ಶುರು ಮಾಡಿಸಿದ ಕಸುಬು ಅದು. ಹಳೆಯ ಅಚ್ಚಿನಲ್ಲಿ 'ಎಸ್' ಅಕ್ಷರ 'ಎಫ್'ನಂತೆ ಕಾಣುತ್ತದೆ, ಆ್ಯಪ್ ಅಲ್ಲೂ ಎಡವುತ್ತದೆ. ಅಳತೆ 'ಓನ್' ಲೆಕ್ಕದಲ್ಲಿರುತ್ತದೆ. ಪ್ಯಾರಿಸ್ಸಿನ ಓನ್ ಅಂದರೆ ಸುಮಾರು 119 ಸೆಂಟಿಮೀಟರ್, ನಮ್ಮ ಗಜಕ್ಕಿಂತ ಒಂದು ಗೇಣಿನಷ್ಟು ಹೆಚ್ಚು. ಇಂಥ ನಲವತ್ತು ಪದ ನೋಟುಬುಕ್ಕಿನ ಕೊನೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಭಾಷೆ ಪೂರ್ತಿ ಬರಬೇಕಿಲ್ಲ, ಬಟ್ಟೆಯ ಪದ ಬರಬೇಕು.

ನಾಟಕದ ಮಾತುಗಳೂ ಸಾಕ್ಷಿಯೇ. ಅದರಲ್ಲಿ ದರ್ಜಿಯ ದೃಶ್ಯವೊಂದಿದೆ. ಹೂಗಳನ್ನು ತಲೆಕೆಳಗಾಗಿ ಹಾಕಿ ಹೊಲಿದು ತಂದು, 'ದೊಡ್ಡವರು ಹೀಗೇ ತೊಡುತ್ತಾರೆ' ಅಂತ ದರ್ಜಿ ಒಪ್ಪಿಸಿಬಿಡುತ್ತಾನೆ. ಯಜಮಾನನ ಬಟ್ಟೆಯಲ್ಲೇ ಉಳಿಸಿ ತನಗೂ ಹೊಲಿದುಕೊಂಡಿದ್ದಾನೆ. ಅದಕ್ಕಾಗಿ ನಾನು ಅದೇ ಥಾನಿನಿಂದ ಎರಡು ಮೀಟರ್ ಜಾಸ್ತಿ ತೆಗೆಸಿದೆ. ಇನ್ನೊಂದು ಕಡೆ ಯಜಮಾನ ನಿಲುವಂಗಿ ಸರಿಸಿ ಒಳಗಿನದನ್ನು ತೋರಿಸುತ್ತಾನೆ. ಅಚ್ಚಾದ ನಾಟಕದ ಪ್ರಕಾರ ಕೆಂಪು ಮಖಮಲ್ಲಿನ ಚಲ್ಲಣ, ಹಸಿರು ಮಖಮಲ್ಲಿನ ಒಳಅಂಗಿ. ಯಾದಿಯ ಪ್ರಕಾರ ಒಳಅಂಗಿ ನೀಲಿ, ಬಟ್ಟೆ ಪಾನ್. ಎರಡು ಸಾಕ್ಷಿ ಎರಡು ಮಾತು ಹೇಳಿದಾಗ ಒಂದನ್ನು ಒರೆಸಿ ಹಾಕಬೇಡಿ, ಎರಡನ್ನೂ ಬರೆದಿಟ್ಟು ಒಂದನ್ನು ಆರಿಸಿ, ಯಾಕೆ ಆರಿಸಿದಿರಿ ಅಂತಲೂ ಬರೆಯಿರಿ. ಪೆಟ್ಟಿಗೆಯನ್ನು ಕೈಯಾರೆ ತೆರೆದು ನೋಡಿದವನ ಮಾತು ನನಗೆ ಗಟ್ಟಿ ಅನ್ನಿಸಿತು. ನೀಲಿ ಹೊಲಿದೆ.

ಉಳಿದ ಬಟ್ಟೆ

ಆ ಕಾಲದ ಅಸಲಿ ಫ್ರೆಂಚ್ ಉಡುಪು ಉಳಿದದ್ದು ಬಹಳ ಕಡಿಮೆ. ಬಟ್ಟೆ ದುಬಾರಿ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು, ಬೆಳ್ಳಿ ಬಂಗಾರದ ಎಳೆಯನ್ನು ಸುಟ್ಟು ಲೋಹ ತೆಗೆದುಕೊಳ್ಳುತ್ತಿದ್ದರು. ನಮ್ಮ ಓಣಿಗಳಲ್ಲಿ 'ಹಳೇ ಜರಿ ಸೀರೀ' ಅಂತ ಕೂಗುತ್ತ ಬರುವವರು ಅಜ್ಜಿಯ ಸೀರೆಗಳನ್ನು ಒಯ್ದದ್ದೂ ಇದಕ್ಕೇ. ಹಾಗಾಗಿ ಪಕ್ಕದ ದೇಶದ್ದನ್ನು ನೋಡಬೇಕಾಗುತ್ತದೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1673ರ ಒಂದು ಮದುವೆ ಕೋಟಿದೆ, ಮುಂದೆ ಇಂಗ್ಲೆಂಡಿನ ರಾಜನಾದ ಎರಡನೇ ಜೇಮ್ಸ್ ತೊಟ್ಟದ್ದು. ಉಣ್ಣೆಯ ಬಟ್ಟೆಯ ಮೇಲೆ ಬೆಳ್ಳಿ-ಬಂಗಾರದ ಎಳೆಯ ಕಸೂತಿ. ಪ್ಯಾರಿಸ್ಸಿನ ರೂಢಿ ಹತ್ತು ಮೈಲಿಗೊಂದು ಥರ ಬದಲಾಗದೆ ಯುರೋಪಿನ ಆಸ್ಥಾನಗಳಿಗೆಲ್ಲ ಹಬ್ಬಿದ್ದರಿಂದ ಅದರಿಂದ ಕಲಿಯಬಹುದು. ನೋಟುಬುಕ್ಕಿನಲ್ಲಿ 'ಇಂಗ್ಲೆಂಡು' ಅಂತ ಬರೆದುಕೊಳ್ಳುವುದನ್ನು ಮಾತ್ರ ಮರೆಯಬಾರದು.

ಕೋಟಿನ ಚಿತ್ರ ದೊಡ್ಡದು ಮಾಡಿ ಹೊಲಿಗೆ ಎಲ್ಲಿ ಬರುತ್ತದೆ ನೋಡಿ. ನಮ್ಮಪ್ಪ ಶೇರ್ವಾನಿ ಹೊಲಿಯುತ್ತಿದ್ದ, ಅವನ ಕೈಕೆಳಗೆ ಕಲಿತ ನನಗೆ ಮೊದಲು ಕಂಡದ್ದು ಭುಜದ ಹೊಲಿಗೆ. ಆ ಕಾಲದ ಕೋಟಿನಲ್ಲಿ ಅದು ಭುಜದ ನೆತ್ತಿಯ ಮೇಲಿಲ್ಲ, ಹಿಂದಕ್ಕೆ ಸರಿದಿದೆ. ಬೆನ್ನು ಕಿರಿದು, ಬಗಲು ಸಣ್ಣದು, ಮೇಲಕ್ಕೆ ಏರಿದ್ದು. ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ನಮ್ಮ ನಾಯಕ ನಟನಿಗೆ ತೊಡಿಸಿದೆ. "ಅಕ್ಕಾರ, ಬಗಲಾಗ ಹಿಡಿತದ್ರಿ" ಅಂದ. "ಕೈ ಎತ್ತಪಾ" ಅಂದೆ. ಎತ್ತಿದ. ಕೋಟಿನ ಅಂಚು ಒಂದು ಬೆರಳಷ್ಟೂ ಮೇಲೇಳಲಿಲ್ಲ. ಭುಜ ತಾನಾಗಿ ಹಿಂದಕ್ಕೆ ಹೋಗಿ ಎದೆ ಮುಂದೆ ಬಂದು, ನಿಂತ ನಿಲುವೇ ಬದಲಾಯಿತು. ಚಿತ್ರದಲ್ಲಿ ಆ ಮಂದಿ ಯಾಕೆ ಹಾಗೆ ನಿಂತಿರುತ್ತಾರೆ ಅನ್ನುವುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಕೋರಾ ಬಟ್ಟೆಯ ಪರೀಕ್ಷೆಯನ್ನೂ ಹುಡುಕಾಟದ ಭಾಗ ಅಂತಲೇ ಇಟ್ಟುಕೊಳ್ಳಿ.

ಹೆಂಗಸರ ಉಡುಪಿನಲ್ಲಿ 1670ರ ಮಾರ್ಕಿಸ್‌ಗೆ ಬೇಕಾದದ್ದು ಕಡ್ಡಿ ಹಾಕಿದ ಕುಬಸ. ಭುಜ ಬಿಟ್ಟು ಇಳಿದ ಕೊರಳು, ಮುಂದೆ ಚೂಪಾಗಿ ಹೊಟ್ಟೆಯ ಮೇಲೆ ಇಳಿಯುವ ತುದಿ. ಕಡ್ಡಿ ತಿಮಿಂಗಿಲದ್ದು, ಆದರೆ ಎಲುಬಲ್ಲ, ಅದರ ಬಾಯೊಳಗಿನ ಜಾಲರಿ. ನಾನು ಪ್ಲಾಸ್ಟಿಕ್ ಪಟ್ಟಿ ಹಾಕಿದೆ. ಇಂಥ ಕುಬಸ ಹೊಲಿಯುವ ಹಕ್ಕು ಗಂಡು ದರ್ಜಿಗಳ ಸಂಘದ್ದು. ಪ್ಯಾರಿಸ್ಸಿನ ಹೊಲಿಗೆ ಹೆಂಗಸರಿಗೆ ರಾಜನ ಆಜ್ಞೆಯಿಂದ ತಮ್ಮದೇ ಸಂಘ ಸಿಕ್ಕದ್ದು 1675ರಲ್ಲಿ. ಆಗಲೂ ಕಡ್ಡಿ ಕುಬಸ ಅವರ ಕೈಗೆ ಬರಲಿಲ್ಲ. ಅವರು ಹೊಲಿದದ್ದು 'ಮಾಂತೋ', ಬಟ್ಟೆಯನ್ನು ಹೆಚ್ಚು ಕತ್ತರಿಸದೆ ನೆರಿಗೆ ಹಿಡಿದು ಮೈಮೇಲೇ ಕೂಡಿಸುವ ನಿಲುವಂಗಿ. ಕೆಲವೇ ವರ್ಷಗಳಲ್ಲಿ ಅದು ಮನೆಯಿಂದ ಬೀದಿಗೆ, ದೊಡ್ಡ ಮನೆಗಳಿಗೆ ಹೋಯಿತು. ನಮ್ಮಪ್ಪ ಸತ್ತ ಮೇಲೆ ಅಂಗಡಿ ನಡೆಸುತ್ತೇನೆ ಅಂದಾಗ 'ಶೇರ್ವಾನಿ ಹೆಣ್ಮಕ್ಕಳ ಕೈಯಾಗ ಕೊಡೂದಿಲ್ಲ' ಅಂದ ಗಿರಾಕಿಗಳಿದ್ದರು. ಬ್ಲೌಸಿನಿಂದ ಶುರು ಮಾಡಿದವಳು ನಾನು. 1675 ಅನ್ನುವ ಅಂಕಿಯ ಕೆಳಗೆ ನೋಟುಬುಕ್ಕಿನಲ್ಲಿ ಎರಡು ಗೆರೆ ಎಳೆದಿದ್ದೇನೆ. ಆದರೆ ನಮ್ಮ ನಾಟಕ 1670ರದು. ಮಾಂತೋ ಎಷ್ಟೇ ಆಸೆಯಾದರೂ ಹೊಲಿಯಲಿಲ್ಲ.

ಬಜಾರಿಗೆ ಹೋಗುವಾಗ

ಎರಡು ಮಾತು ನೆನಪಿರಲಿ. ರಾಸಾಯನಿಕ ಬಣ್ಣ ಹುಟ್ಟಿದ್ದು 1856ರಲ್ಲಿ. ಅದಕ್ಕೆ ಮೊದಲು ಹೆಚ್ಚುಕಡಿಮೆ ಎಲ್ಲ ಬಣ್ಣವೂ ಗಿಡ, ಬೇರು, ಹುಳದಿಂದ. ಕಣ್ಣಿಗೆ ಚುಚ್ಚುವ ಗುಲಾಬಿ, ಗಿಳಿ ಹಸಿರು ಬೇಡ. ನಮ್ಮೂರಿನ 'ಸೂಪರ್ ಮಾರ್ಕೆಟ್' ಬಜಾರಿನ ಅಂಗಡಿಗಳ ಬಲ್ಬಿನ ಕೆಳಗೆ ಬಣ್ಣ ಆರಿಸದೆ ಥಾನನ್ನು ಬಾಗಿಲ ತನಕ ತರಿಸಿ ಬಿಸಿಲಲ್ಲಿ ನೋಡಿ. ಎರಡನೆಯದು ಪನ್ನಾ, ಅಂದರೆ ಬಟ್ಟೆಯ ಅಗಲ. ಆ ಕಾಲದ ರೇಷ್ಮೆಯ ಅಗಲ ಸುಮಾರು ಅರ್ಧ ಓನ್, ಹಾಗಾಗಿ ಲಂಗದಲ್ಲಿ ನೆಟ್ಟಗೆ ಇಳಿಯುವ ಜೋಡು ಹೊಲಿಗೆ ಹೆಚ್ಚು. ಈಗಿನ 44 ಇಂಚಿನ ಬಟ್ಟೆಯಲ್ಲಿ ಆ ಗೆರೆ ಬೇಕಂತಲೇ ಹಾಕಬೇಕು.

ಓಢಣಿಗೆ ನಾನು ಹೆಚ್ಚು ಅಲೆದೆ. 'ಆಂದಿಯೆನ್' ಅಂದರೆ ಹಿಂದೂಸ್ಥಾನದ ಬಣ್ಣದ ಹತ್ತಿ ಬಟ್ಟೆ, ಅಥವಾ ಅದನ್ನು ನೋಡಿ ಅಲ್ಲಿ ಮಾಡಿದ ನಕಲು. ಗೋಲ್ಕೊಂಡದ ಸುಲ್ತಾನರ ಬಂದರು ಮಚಲೀಪಟ್ಟಣದಿಂದ ಇಂಥ ಬಟ್ಟೆ ಹಡಗು ತುಂಬಿ ಹೋಗುತ್ತಿತ್ತು. ಫ್ರಾನ್ಸಿನ ಉಣ್ಣೆ, ರೇಷ್ಮೆ ನೇಯುವವರು ದೂರು ಕೊಟ್ಟು ಕೊಟ್ಟು 1686ರಲ್ಲಿ ಅದಕ್ಕೆ ನಿಷೇಧ ಬಂತು, 1759ರ ತನಕ ಇತ್ತು. ಔರಂಗಜೇಬ ಬಿಜಾಪುರ ಗೆದ್ದು ಆದಿಲಶಾಹಿ ಮುಗಿದದ್ದೂ ಅದೇ 1686ರಲ್ಲಿ. ಆ ನಿಷೇಧವನ್ನು ಮೀರಿ ಫ್ರೆಂಚ್ ಹೆಂಗಸರು ಅದನ್ನು ಉಡುತ್ತಲೇ ಇದ್ದರು. ನೀವು ಹುಡುಕುವ ಯಾದಿ 1686ರ ಆಚೆಯದಾಗಿದ್ದು ಅದರಲ್ಲಿ ಆಂದಿಯೆನ್ ಬಂದರೆ, ಹಳೆಯದೋ ಕಳ್ಳಮಾಲೋ ಅಂತ ಯೋಚಿಸಬೇಕು. ಮೋಲಿಯೇರನದು ನಿಷೇಧಕ್ಕೆ ಹದಿಮೂರು ವರ್ಷ ಮೊದಲಿನದು.

ನನಗೆ ಪರಿಚಯದ ಅಂಗಡಿಯ ಚಾಚಾ ಹೈದರಾಬಾದಿನಿಂದ ಬಂದ ಗಂಟು ಬಿಚ್ಚಿ ಒಂದೊಂದೇ ತೋರಿಸಿದರು. "ನಾಟಕಕ್ಕ ಇಷ್ಟ್ಯಾಕ ಹುಡುಕ್ತೀರಿ ಅಕ್ಕಾರ, ದೂರದಿಂದ ಯಾರಿಗಿ ಕಾಣ್ತದ" ಅಂದರು. ಪೆಟ್ಟಿಗೆಯ ಕಥೆ ಹೇಳಿದೆ. ಸುಮ್ಮನೆ ಕೇಳಿ, ಒಳಗೆ ಹೋಗಿ, ಮಡಿಕೆಯಲ್ಲೇ ಇಟ್ಟಿದ್ದ ಒಂದು ಮಚಲೀಪಟ್ಟಣದ ಕಲಂಕಾರಿ ತಂದರು. ಮಂಜಿಷ್ಠದ ಕೆಂಪು, ನೀಲಿ, ಕರಿ ಗೆರೆಯ ಬಳ್ಳಿ. ಈಗಿನದು ಮರದ ಅಚ್ಚಿನದು. ಆಗ ಸಾಗರ ದಾಟಿ ಹೋದ ಒಳ್ಳೆಯ ಮಾಲು ಕಲಂ ಹಿಡಿದು ಕೈಯಲ್ಲಿ ಬರೆದದ್ದು. ಯಾದಿಯಲ್ಲಿ ಹೂವಿನ ವಿವರ ಇಲ್ಲ, ಅಲ್ಲಿ ನಾನು ಊಹಿಸಿದೆ.

ಊಹಿಸಿದ್ದನ್ನು ಬಚ್ಚಿಡದಿರಿ. ನೋಟುಬುಕ್ಕಿನಲ್ಲಿ ಪ್ರತಿ ಸಂಗತಿಯ ಮುಂದೆ ನಾನು 'ಸಾ' ಅಥವಾ 'ಊ' ಅಂತ ಹಾಕುತ್ತೇನೆ, ಸಾಕ್ಷಿ ಅಥವಾ ಊಹೆ. ಒಂದು ಚಿತ್ರ, ಒಂದು ಬರಹ, ಒಂದು ಉಳಿದ ಬಟ್ಟೆ, ಈ ಮೂರರಲ್ಲಿ ಎರಡಾದರೂ ಒಂದೇ ಮಾತು ಹೇಳಿದರೆ 'ಸಾ'. ಇಲ್ಲದಿದ್ದರೆ 'ಊ'. ಯಾದಿಯಂಥ ಗಟ್ಟಿ ಬರಹ ಒಂದೇ ಸಿಕ್ಕಾಗ 'ಸಾ' ಹಾಕಿ ಪಕ್ಕದಲ್ಲಿ ಅದರ ಹೆಸರು ಬರೆಯುತ್ತೇನೆ. ಪ್ರದರ್ಶನ ಮುಗಿದ ಮೇಲೆ ಬಟ್ಟೆಗಳನ್ನು ಮಡಿಸಿ ಟ್ರಂಕಿನಲ್ಲಿಟ್ಟು, ಮುಂದೆ ತೆರೆಯುವವರಿಗಾಗಿ ಒಳಗೊಂದು ಚೀಟಿ ಇಡಿ. ನಮ್ಮದರಲ್ಲಿ ಹೀಗಿದೆ:

ಪೆಟ್ಟಿಗೆ ಒಂದು. ಪಟ್ಟೆಯ ನಿಲುವಂಗಿ, ಕೇಸರಿ-ಹಸಿರು ಅಸ್ತರು, ಸಾ, ಯಾದಿ. ಎಡ ಬಗಲಲ್ಲಿ ಹೊಲಿಗೆ ಬಿಟ್ಟಿದೆ. ಕೆಂಪು ಚಲ್ಲಣ, ಸಾ, ಯಾದಿ ಮತ್ತು ನಾಟಕ. ನೀಲಿ ಒಳಅಂಗಿ, ಸಾ, ಯಾದಿ, ನಾಟಕದಲ್ಲಿ ಹಸಿರು. ಹಸಿರು ಕಾಲುಚೀಲ ಒಂದು ಜೊತೆ, ಸಾ, ಯಾದಿ. ಓಢಣಿ ಒಂದು, ಬಟ್ಟೆ ಸಾ, ಹೂವು ಊ. ಬೆಳ್ಳಿ ಲೇಸು ಒಂಬತ್ತು ಮೀಟರ್, ಖೋಟಾ, ಸಾ.